ಎದೆಯೊಳಗಿನ ಗಾಳಿಗೂ ಲೆಕ್ಕವುಂಟು!

“ಸ್ಕೋರ್ ಎಷ್ಟಂತೆ?”

2021ರ ಏಪ್ರಿಲ್-ಮೇ. ಕೋವಿಡ್‌ನಿಂದಾಗಿ ಐಪಿಎಲ್ ಅರ್ಧಕ್ಕೇ ನಿಂತ ಬೇಸಿಗೆ. ಆದರೂ ಮೈಸೂರಿನ ರಾಮಕೃಷ್ಣನಗರದಲ್ಲಿ ಎಲ್ಲರ ಬಾಯಲ್ಲೂ ಸ್ಕೋರ್! ಆಂದೋಲನ ಸರ್ಕಲ್ಲಿನ ಕಡೆ ಔಷಧಿಗೆ ಹೋದವರು ಕೇಳುತ್ತಿದ್ದದ್ದು ಅದೇ, ಗೇಟಿನ ಆಚೆ ಈಚೆ ನಿಂತ ಅಕ್ಕಪಕ್ಕದವರು ಕೇಳುತ್ತಿದ್ದದ್ದೂ ಅದೇ. “ಎಂಟಂತೆ ಕಣ್ರೀ, ಪರವಾಗಿಲ್ವಂತೆ.” “ಹದಿನೇಳು ಅಂದ್ರು, ಆಕ್ಸಿಜನ್ ಬೆಡ್ ಹುಡುಕ್ತಿದಾರೆ.” ಎಲ್ಲವೂ ಇಪ್ಪತ್ತೈದಕ್ಕೆ.

ಯಾಕೆ ಇಪ್ಪತ್ತೈದು? ಬಲ ಶ್ವಾಸಕೋಶಕ್ಕೆ ಮೂರು ಹಾಲೆ, ಎಡಕ್ಕೆ ಎರಡೇ. ಹೃದಯಕ್ಕೂ ಜಾಗ ಬೇಕಲ್ಲ! ಒಂದೊಂದು ಹಾಲೆಯಲ್ಲೂ ಎಷ್ಟು ಪಾಲು ಸೋಂಕು ಹಿಡಿದಿದೆ ಎಂದು ಸಿ.ಟಿ. ಚಿತ್ರದಲ್ಲಿ ಅಂದಾಜಿಸಿ ಸೊನ್ನೆಯಿಂದ ಐದರವರೆಗೆ ಅಂಕ. ಶೇ. 5ರೊಳಗಿದ್ದರೆ ಒಂದು, ಶೇ. 75 ದಾಟಿದರೆ ಐದು. ಐದೈದ್ಲಿ ಇಪ್ಪತ್ತೈದು. ಮಗ್ಗಿ ಇಷ್ಟೇ.

ಆದರೆ ಆ ಚಿತ್ರ ಮೂಡುವ ಬಗೆ ಇದೆಯಲ್ಲ, ಅದು ನಿಜಕ್ಕೂ ಮೈ ಜುಮ್ಮೆನಿಸುವಂಥದ್ದು! ಮಲಗಿದ ಹಲಗೆ ದೊಡ್ಡ ಬಳೆಯಂಥ ಯಂತ್ರದೊಳಕ್ಕೆ ಜಾರುತ್ತದೆ. “ಉಸಿರು ಎಳೆದುಕೊಳ್ಳಿ, ಹಾಗೇ ಹಿಡಿದುಕೊಳ್ಳಿ.” ಎಕ್ಸ್‌ರೇ ಕೊಳವೆ ಎದೆಯ ಸುತ್ತ ಗಿರ್ರನೆ ತಿರುಗುತ್ತದೆ. “ಬಿಡಿ” ಅನ್ನುವಷ್ಟರಲ್ಲಿ ಮುಗಿದೇ ಹೋಯಿತು. ಇಡೀ ಎದೆ ನೂರಾರು ತೆಳು ಪದರಗಳಾಗಿ ಪರದೆಯ ಮೇಲೆ! 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಮೊದಲ ರೋಗಿಯ ತಲೆಯನ್ನು ಹೀಗೆ ನೋಡಿದಾಗ ಒಂದು ಪದರಕ್ಕೇ ನಿಮಿಷಗಳು ಬೇಕಾಗಿದ್ದವು. ಯಂತ್ರ ಕಟ್ಟಿದ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ವೈದ್ಯರಲ್ಲ, ಇಎಂಐ ಕಂಪನಿಯ ಎಂಜಿನಿಯರು. ಹೌದು, ನಾಯಿ ಕೂತ ಎಚ್‌ಎಂವಿ ಗ್ರಾಮಫೋನ್ ತಟ್ಟೆಗಳ ಅದೇ ಇಎಂಐ! 1979ರಲ್ಲಿ ಅಲನ್ ಕಾರ್ಮ್ಯಾಕ್ ಜೊತೆ ಅವರಿಗೆ ನೊಬೆಲ್ ಬಂತು.

ಹೌನ್ಸ್‌ಫೀಲ್ಡ್ ಹೆಸರಿನ ಅಳತೆಯಲ್ಲಿ ನೀರಿಗೆ 0, ಗಾಳಿಗೆ -1000. ತುಂಬ ಉಸಿರೆಳೆದುಕೊಂಡ ಆರೋಗ್ಯವಂತ ಶ್ವಾಸಕೋಶ -850ರ ಆಸುಪಾಸು. ಅಂದರೆ ಅಲ್ಲಿ ಶೇ. 85ರಷ್ಟು ಬರೀ ಗಾಳಿ! ಪರದೆಯಲ್ಲಿ ಅದು ಕಪ್ಪು. ವೈರಸ್ ಹೊಕ್ಕು ಗಾಳಿಗೂಡುಗಳ ಗೋಡೆ ಊದಿ, ದ್ರವ ಒಸರತೊಡಗಿತೋ, ಅಂಕಿ -600, -500 ಎನ್ನುತ್ತ ನೀರಿನತ್ತ ಏರುತ್ತದೆ, ಕಪ್ಪು ಬೂದಿಬಣ್ಣಕ್ಕೆ ತಿರುಗುತ್ತದೆ. ವೈದ್ಯರು ಇದನ್ನು ಗ್ರೌಂಡ್ ಗ್ಲಾಸ್ ಅನ್ನುತ್ತಾರೆ. ಬಚ್ಚಲುಮನೆ ಕಿಟಕಿಯ ಮಸುಕು ಗಾಜು. ಆ ಮಸುಕಿನ ಹಿಂದೆ ರಕ್ತನಾಳಗಳು ಇನ್ನೂ ಕಾಣುತ್ತಿರಬೇಕು, ಅದೇ ಗುರುತು. ಗೂಡುಗಳು ಪೂರ್ತಿ ತುಂಬಿಕೊಂಡರೆ ನಾಳಗಳೂ ಮುಚ್ಚಿಹೋಗಿ ಬೆಳ್ಳಗಾಗುತ್ತದೆ. ಬ್ಯಾಕ್ಟೀರಿಯಾದ ನ್ಯುಮೋನಿಯಾ ಬಹಳ ಸಲ ಒಂದೇ ಹಾಲೆಯಲ್ಲಿ ಠಿಕಾಣಿ ಹೂಡುತ್ತದೆ. ಕೋವಿಡ್ ಸಾಮಾನ್ಯವಾಗಿ ಎರಡೂ ಕಡೆ, ಬೆನ್ನಿನತ್ತ, ಕೆಳಗೆ, ಅಂಚಿಗೆ ಅಂಟಿಕೊಂಡು!

ಬೆರಗಿನ ಜೊತೆಗೆ ಒಂದು ತಕರಾರೂ ಉಂಟು. ರೋಗಲಕ್ಷಣ ಕಂಡ ಮೊದಲೆರಡು ದಿನ ಎಷ್ಟೋ ಜನರ ಸ್ಕ್ಯಾನ್ ಶುಭ್ರವಾಗಿಯೇ ಇರುತ್ತದೆ, ಮಸುಕು ಹೆಚ್ಚುವುದು ಹತ್ತನೇ ದಿನದ ಸುಮಾರಿಗೆ. ಹಾಗಾಗಿ ಎಷ್ಟನೇ ದಿನದ್ದು ಎಂದು ಹೇಳದೆ ಬರೀ “ಎಂಟು” ಅಂದರೆ ಅದು ಅರ್ಧ ಸುದ್ದಿ. ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ ಏನನ್ನುತ್ತದೆ ಎಂದೂ ಕೇಳಬೇಕಿತ್ತು. ಸುಮ್ಮಸುಮ್ಮನೆ ಸ್ಕ್ಯಾನಿಗೆ ಓಡಬೇಡಿ, ಒಂದು ಸಿ.ಟಿ. 300-400 ಎಕ್ಸ್‌ರೇಗೆ ಸಮ ಎಂದು ಏಮ್ಸ್‌ನ ಆಗಿನ ನಿರ್ದೇಶಕ ರಣದೀಪ್ ಗುಲೇರಿಯಾ ಆ ಮೇ ತಿಂಗಳಲ್ಲಿ ಎಚ್ಚರಿಸಿದರು. ಅದು ಹಳೇ ಯಂತ್ರಗಳ ಲೆಕ್ಕ ಎಂದು ರೇಡಿಯಾಲಜಿಸ್ಟರ ಸಂಘ ತಿರುಗಿಬಿತ್ತು. ಅದೇ ತಿಂಗಳು ರಾಜ್ಯ ಸರ್ಕಾರ ಸ್ಕ್ಯಾನಿಗೆ ಬಿಪಿಎಲ್‌ನವರಿಗೆ 1,500, ಉಳಿದವರಿಗೆ 2,500 ರೂಪಾಯಿ ಎಂದು ದರ ಕಟ್ಟಿತು.

ಗಾಳಿಯನ್ನೂ ಅಳೆಯುವ ಈ ಮಾಂತ್ರಿಕನಿಗೆ ವೈರಸ್ಸಿನ ಹೆಸರು ಮಾತ್ರ ತಿಳಿಯದು. 2009ರ ಎಚ್1ಎನ್1 ಜ್ವರದಲ್ಲೂ ಇಂಥದೇ ಮಸುಕು ಕಂಡಿತ್ತು. ಹೆಸರು ಬೇಕೆಂದರೆ ಮೂಗಿಗೆ ಕಡ್ಡಿ ಹಾಕಿಸಿಕೊಳ್ಳಲೇಬೇಕು.