ಗಲ್ಫಿನಿಂದ ಬಂದ ಲಕೋಟೆ, ದುದ್ದದ ಮಕ್ಕಳ ಆಲ್ಬಂ

ಉಪ್ಪ ದಮಾಮಿನಲ್ಲಿದ್ದ ಕಾಲ. ತಿಂಗಳಿಗೊಂದು ಕಾಗದ ಬರುತ್ತಿತ್ತು. ಪೋಸ್ಟ್‌ಮ್ಯಾನ್ ಸೈಕಲ್ ಬೆಲ್ ಹೊಡೆದರೆ ಉಮ್ಮ ಕೈ ಒರೆಸಿಕೊಂಡು ಅಡುಗೆಮನೆಯಿಂದ ಓಡಿ ಬರುತ್ತಿದ್ದರು. ಕಾಗದ ಅವರಿಗೆ, ಲಕೋಟೆಯ ಮೂಲೆಯ ಸ್ಟ್ಯಾಂಪ್ ನನಗೆ. ಕತ್ತರಿಯಲ್ಲಿ ಕತ್ತರಿಸಿ, ಬಟ್ಟಲ ನೀರಲ್ಲಿ ನೆನೆಸಿ, ನೋಟ್‌ಬುಕ್ಕಿಗೆ ಗೋಂದು ಹಚ್ಚಿ ಅಂಟಿಸುತ್ತಿದ್ದೆ. ಉಳಿದ ಲಕೋಟೆ ಬಚ್ಚಲ ಒಲೆಗೆ.

ಉಪ್ಪ ಈಗಿಲ್ಲ. ಸ್ಟ್ಯಾಂಪುಗಳಿವೆ. ಕಾಬಾದ ಚಿತ್ರದವು ಕೆಲವು, ಖಫ್ಜಿಯ ತೈಲ ಗೋಪುರದವು ಕೆಲವು. ಒಂದಷ್ಟು ಕಾಗದಗಳೂ ಉಮ್ಮನ ಪೆಟ್ಟಿಗೆಯಲ್ಲಿ ಉಳಿದಿವೆ. ಆದರೆ ತಾರೀಕು ಬರೆಯುವ ಅಭ್ಯಾಸ ಉಪ್ಪನಿಗಿರಲಿಲ್ಲ. 'ಮಗುವಿಗೆ ಜ್ವರ ಬಿಟ್ಟಿತಾ?' ಅಂತ ಒಂದರಲ್ಲಿ ಕೇಳಿದ್ದಾರೆ. ಯಾವ ವರ್ಷದ ಜ್ವರ? ನನಗೆ ಬಂದದ್ದಾ, ತಂಗಿಗಾ? ಅದನ್ನು ಹೇಳಬೇಕಾಗಿದ್ದದ್ದು ಲಕೋಟೆಯ ಮೇಲಿನ ಅಂಚೆ ಮೊಹರು. ಅದನ್ನು ನಾನೇ ಕೈಯಾರೆ ಒಲೆಗೆ ಹಾಕಿದ್ದೆ.

ಈ ಸಂಕಟವೇ ನನ್ನನ್ನು ಮಕ್ಕಳ ಹತ್ತಿರ ಕರೆತಂದಿತು ಅನ್ನಬೇಕು. ಹಾಸನ ತಾಲೂಕಿನ ದುದ್ದದಲ್ಲಿ ಘಟ್ಟ ಹತ್ತಿ ಬಂದು ವ್ಯಾಪಾರಕ್ಕೆ ಕೂತ ಮನೆ ನಮ್ಮದು. ಭಾನುವಾರ ಮದ್ರಸ ಬಿಟ್ಟ ಮೇಲೆ ಏಳೆಂಟು ಮಕ್ಕಳು ಅಂಗಡಿಯ ಹಿಂದಿನ ಕೋಣೆಗೆ ಬರುತ್ತಾರೆ. ಪಕ್ಕದ ಬೀದಿಯ ಗೌಡರ ಮನೆಯ ಮಕ್ಕಳೂ ಸೇರುತ್ತಾರೆ. ಫೀಸಿಲ್ಲ, ಪರೀಕ್ಷೆಯಿಲ್ಲ. ಒಂದು ಚಿಮಟ, ಒಂದು ಭೂತಗನ್ನಡಿ, ಹಳೆಯ ಪೇಪರ್, ಅಷ್ಟೇ.

ಮೊದಲ ಪಾಠ ಒಂದೇ: ಲಕೋಟೆಯಿಂದ ಸ್ಟ್ಯಾಂಪ್ ಕೀಳಬೇಡಿ. ಮೊಹರು, ವಿಳಾಸ ಸಮೇತ ಇಡೀ ಲಕೋಟೆ ಉಳಿದರೆ ಅದು ಎಲ್ಲಿಂದ, ಯಾವಾಗ, ಯಾರಿಗೆ ಬಂತೆಂದು ತಾನೇ ಹೇಳುತ್ತದೆ. ಎರಡನೆಯ ಪಾಠ, ಒಳಗಿನ ಕಾಗದ ಅಮಾನತ್ತು. ಮನೆಯ ಹಿರಿಯರನ್ನು ಕೇಳದೆ ಬಿಡಿಸಿ ಓದಬಾರದು.

ಏಳನೇ ಕ್ಲಾಸಿನ ಒಬ್ಬ ಹುಡುಗಿ ಅಜ್ಜಿಯನ್ನು ಕೇಳಿ ಒಂದು ಸೌದಿ ಲಕೋಟೆ ತಂದಿದ್ದಳು. ಮೊಹರಿನಲ್ಲಿದ್ದ ಅರಬಿ ಅಂಕಿ ನನಗೆ ತಡಕಾಡುವಂತಾಯಿತು. ಅವಳು ಮದ್ರಸದಲ್ಲಿ ಕಲಿತದ್ದನ್ನು ನೆನೆದು ಪಟಪಟನೆ ಓದಿದಳು: 1402. ಹಿಜರಿ ವರ್ಷ. ಅಂದರೆ 1981-82. ಮನೆಗೆ ಓಡಿ ಅಜ್ಜಿಗೆ ಹೇಳಿದಾಗ, 'ಹೌದು ಮೋಳೇ, ಅದೇ ವರ್ಷ ನಮ್ಮ ಮನೆಗೆ ಹಂಚು ಹಾಕಿಸಿದ್ದು' ಅಂದರಂತೆ. ಮದ್ರಸದ ಪಾಠ, ಅಜ್ಜಿಯ ನೆನಪು, ಅಂಚೆಯ ಮೊಹರು, ಮೂರೂ ಒಂದೇ ಲಕೋಟೆಯ ಮೇಲೆ ಕೂಡಿದವು.

ಕಲಿಯಲು ಎಷ್ಟೊಂದಿದೆ! ಗಲ್ಫಿಗೂ ನಮಗೂ ಅಂಚೆಯ ನಂಟು ತೈಲಕ್ಕಿಂತ ಹಳೆಯದು. 1923ರಿಂದ ಕುವೈತಿನಲ್ಲಿ, 1933ರಿಂದ ಬಹ್ರೈನಿನಲ್ಲಿ ಭಾರತದ ಸ್ಟ್ಯಾಂಪಿನ ಮೇಲೆಯೇ ಆ ಊರಿನ ಹೆಸರು ಅಚ್ಚೊತ್ತಿ ಬಳಸುತ್ತಿದ್ದರು. 1948ರ ಆಗಸ್ಟ್ 15ರಂದು ಬಂದ ಗಾಂಧೀಜಿ ಸ್ಟ್ಯಾಂಪುಗಳಲ್ಲಿ 'ಬಾಪು' ಎಂದು ಹಿಂದಿಯಲ್ಲೂ ಉರ್ದುವಿನಲ್ಲೂ ಇದೆ. 1974ರಲ್ಲಿ ಟಿಪ್ಪು ಸುಲ್ತಾನರ 50 ಪೈಸೆಯ ಸ್ಟ್ಯಾಂಪ್ ಬಂತು. ನಮ್ಮದೇ ಜಿಲ್ಲೆಯ ಶ್ರವಣಬೆಳಗೊಳದ ಗೊಮ್ಮಟೇಶ್ವರನ 1 ರೂಪಾಯಿ ಸ್ಟ್ಯಾಂಪ್ 1981ರ ಫೆಬ್ರವರಿ 9ರಂದು, ಮಹಾಮಸ್ತಕಾಭಿಷೇಕದ ಹೊತ್ತಿಗೆ ಬಂತು. ಗೌಡರ ಮನೆಯ ಹುಡುಗ ಅದನ್ನು ತೋರಿಸಿ ಕತೆ ಹೇಳಿದರೆ ನಮ್ಮ ಹುಡುಗರು ಬಾಯಿ ಬಿಟ್ಟು ಕೇಳುತ್ತಾರೆ.

ಬಿಡಿ ಸ್ಟ್ಯಾಂಪ್ ಸಿಕ್ಕಿದರೆ ಸುತ್ತ ಕಾಗದ ಬಿಟ್ಟು ಕತ್ತರಿಸಿ, ತಣ್ಣೀರಿನಲ್ಲಿ ನೆನೆಯಬಿಡಬೇಕು. ತಾನಾಗಿ ಬಿಟ್ಟ ಮೇಲೆ ಚಿಮಟದಲ್ಲಿ ಎತ್ತಿ, ಮುಖ ಕೆಳಗೆ ಮಾಡಿ ಒಣಗಿಸಬೇಕು. ಬಣ್ಣದ ಲಕೋಟೆಯದ್ದನ್ನು ಬೇರೆ ಬಟ್ಟಲಲ್ಲಿ ಹಾಕಿ, ಇಲ್ಲದಿದ್ದರೆ ಬಣ್ಣ ಹತ್ತುತ್ತದೆ. ಸ್ಟಿಕ್ಕರ್ ತರಹದ ಹೊಸ ಸ್ಟ್ಯಾಂಪುಗಳು ನೀರಿಗೆ ಬಿಡುವುದು ಕಷ್ಟ, ಕಾಗದ ಸಮೇತವೇ ಇಡಿ. ಗೋಂದು, ಸೆಲ್ಲೋಟೇಪ್ ಬೇಡವೇ ಬೇಡ. ಮಳೆಗಾಲದಲ್ಲಿ ಆಲ್ಬಂ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟರೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡುವ ಕಡೆ ನೆಟ್ಟಗೆ ನಿಲ್ಲಿಸಿಡಿ.

ಮಕ್ಕಳ ಓದಿಗೂ ಇದರಿಂದ ಸ್ವಲ್ಪ ಆಸರೆಯಾಗುತ್ತದೆ. ಅಂಚೆ ಇಲಾಖೆ 2017ರ ನವೆಂಬರಿನಲ್ಲಿ ಆರಂಭಿಸಿದ ದೀನ್ ದಯಾಳ್ ಸ್ಪರ್ಶ್ ಯೋಜನೆ 6ರಿಂದ 9ನೇ ತರಗತಿಯ ಸ್ಟ್ಯಾಂಪ್ ಸಂಗ್ರಹಕಾರ ಮಕ್ಕಳಿಗೆ. ಆಯ್ಕೆಯಾದವರಿಗೆ ವರ್ಷಕ್ಕೆ 6,000 ರೂಪಾಯಿ ವಿದ್ಯಾರ್ಥಿವೇತನ. ಪ್ರತಿ ಅಂಚೆ ವೃತ್ತದಿಂದ 40 ಮಕ್ಕಳು, ತರಗತಿಗೆ 10 ಮಂದಿಯಂತೆ. ಓದಿನಲ್ಲಿ ಶೇ. 60 ಅಂಕ ಇರಬೇಕು. ಶಾಲೆಯ ಫಿಲಾಟೆಲಿ ಕ್ಲಬ್ಬಿನ ಸದಸ್ಯರಾಗಿರಬೇಕು, ಕ್ಲಬ್ ಇಲ್ಲದಿದ್ದರೆ ಅಂಚೆ ಕಚೇರಿಯಲ್ಲಿ ಸ್ವಂತ ಫಿಲಾಟೆಲಿ ಠೇವಣಿ ಖಾತೆ ಇರಬೇಕು. ಮೊದಲು ಕ್ವಿಜ್, ಗೆದ್ದವರು ಒಂದು ವಿಷಯದ ಮೇಲೆ ಪ್ರಾಜೆಕ್ಟ್ ಮಾಡಬೇಕು. ಅರ್ಜಿಯ ದಿನಾಂಕವನ್ನು ಹಾಸನದ ಪ್ರಧಾನ ಅಂಚೆ ಕಚೇರಿಯಲ್ಲಿ ವಿಚಾರಿಸಿ.

ಇದೇ ಯೋಜನೆಯಲ್ಲಿ, ಭಾಗವಹಿಸುವ ಶಾಲೆಗೆ ಅನುಭವಿ ಸಂಗ್ರಹಕಾರರೊಬ್ಬರು ಮಾರ್ಗದರ್ಶಕರಾಗಿ ಕ್ಲಬ್ ಕಟ್ಟಲು, ಪ್ರಾಜೆಕ್ಟಿಗೆ ದಾರಿ ತೋರಲು ಇರಬೇಕೆಂಬ ಮಾತಿದೆ. ಅಂಥವರು ದೊಡ್ಡ ಊರುಗಳಲ್ಲಿ ಸಿಕ್ಕಾರು, ಹೋಬಳಿಗಳಲ್ಲಿ ಎಲ್ಲಿ? ಆದರೆ ಮಕ್ಕಳಿಗೆ ಮೊದಲ ಹೆಜ್ಜೆ ಹಾಕಿಸಲು ದೊಡ್ಡ ಪಂಡಿತರೇ ಬೇಕಿಲ್ಲ. ಗಲ್ಫಿನಿಂದ ಮರಳಿ ಮನೆಯಲ್ಲಿ ಕೂತಿರುವ ಕಾಕಂದಿರು, ನಿವೃತ್ತ ಮೇಷ್ಟ್ರು, ಕಾಲೇಜು ಮುಗಿಸಿದ ಹುಡುಗಿಯರು, ಯಾರಾದರೂ ಆದೀತು. ವಾರಕ್ಕೆ ಒಂದು ಗಂಟೆ ಮಕ್ಕಳ ಜೊತೆ ಕೂರುವ ತಾಳ್ಮೆ ಇದ್ದರಾಯಿತು. ತಿಳಿಯದ್ದನ್ನು ಮಕ್ಕಳ ಜೊತೆಗೇ ಕಲಿಯಬಹುದು. ನಾನು ಕಲಿತದ್ದೂ ಹಾಗೆಯೇ.

ಮೊನ್ನೆ ಒಬ್ಬ ಹುಡುಗ ನನ್ನ ಹಳೆಯ ನೋಟ್‌ಬುಕ್ ತಿರುವಿ ನೋಡಿ ಕೇಳಿದ, 'ಕಾಕಾ, ನೀವ್ಯಾಕೆ ಎಲ್ಲಾ ಕತ್ತರಿಸಿ ಹಾಕಿದ್ರಿ?'

'ಬೇಡ ಅಂತ ಹೇಳುವವರು ಯಾರೂ ಇರಲಿಲ್ಲ ಮೋನೇ' ಅಂದೆ.

ನಿಮ್ಮ ಮನೆಯ ಅಟ್ಟದಲ್ಲೂ ಅಂಥದೊಂದು ಪೆಟ್ಟಿಗೆ ಇದ್ದೀತು. ಗೆದ್ದಲು ಹತ್ತುವ ಮೊದಲು ಕೆಳಗಿಳಿಸಿ. ಉಮ್ಮನನ್ನೋ ಅಜ್ಜಿಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ಮಕ್ಕಳನ್ನು ಕರೆದು, ಒಂದೊಂದೇ ಲಕೋಟೆಯ ಮೊಹರು ಓದಿಸಿ. ಕತ್ತರಿ ಮಾತ್ರ ದೂರ ಇಡಿ.