ಬೆಂಕಿಯೂ ಬೂದಿದಿಬ್ಬಗಳೂ

ಬೆಂಕಿಯನ್ನು ಒಂದು ವಸ್ತುವೆಂದು ಭಾವಿಸುವುದು ನಮ್ಮ ವಾಡಿಕೆ. ವಾಸ್ತವವಾಗಿ ಅದು ವಸ್ತುವಲ್ಲ, ಕ್ರಿಯೆ. ಕಾವೇರಿದ ಉರುವಲು ಗಾಳಿಯಲ್ಲಿನ ಆಮ್ಲಜನಕದೊಡನೆ ಕೂಡುವಾಗ ಹೊರಬೀಳುವ ಶಾಖಕ್ಕೂ ಬೆಳಕಿಗೂ ನಾವು ಬೆಂಕಿಯೆನ್ನುತ್ತೇವೆ. ಕ್ರಿಯೆ ಮುಗಿದೊಡನೆ ಬೆಂಕಿ ಇಲ್ಲ, ಉಳಿಯುವುದು ಬೂದಿ. ಅದೂ ಗಾಳಿಗೆ ಹಾರಿಹೋಗತಕ್ಕದ್ದು. ಆದರೆ ನಾಲ್ಕು ಸಾವಿರ ವರ್ಷಗಳ ಹಿಂದೆ ಉರಿದ ಬೆಂಕಿಯ ಬೂದಿಯನ್ನು ನೋಡಬೇಕೆನ್ನುವವರು ಸುರಪುರದ ಸೀಮೆಗೆ ಹೋಗಬೇಕು.

ಅಲ್ಲಿಯ ಕೊಡೇಕಲ್, ಬೂದಿಹಾಳ ಮೊದಲಾದ ಊರುಗಳ ಬಳಿ ಬೂದಿಯ ದಿಬ್ಬಗಳುಂಟು. ಇಂಥ ದಿಬ್ಬಗಳನ್ನು ಕಂಡ ಜನರು ರಾಕ್ಷಸರ ಚಿತೆಯೆಂದರು, ಋಷಿಗಳ ಯಜ್ಞಭೂಮಿಯೆಂದರು. ಕೆಲವು ಪಂಡಿತರು ಕಬ್ಬಿಣ ಕರಗಿಸಿದ ಕಿಟ್ಟವೆಂದು ಊಹಿಸಿದರು. ಅದು ದನದ ಸಗಣಿಯ ಬೂದಿಯೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟರು ಹೇಳಿದಾಗ ಎಲ್ಲರೂ ಒಪ್ಪಲಿಲ್ಲ. ೧೯೫೭ರಲ್ಲಿ ನೆರೆಯ ತೆಲುಗು ಸೀಮೆಯ ಉಟ್ನೂರಿನಲ್ಲಿ ಆಲ್ಚಿನ್ನರು ಅಗೆದು ನೋಡಿದರು. ದೊಡ್ಡಿಯ ಗೂಟಗಳ ಕುಳಿಗಳೂ ದನಗಳ ಗೊರಸಿನ ಗುರುತುಗಳೂ ಅಲ್ಲಿ ದೊರೆತವು. ಸಂದೇಹ ತೀರಿತು.

ಸಗಣಿಯ ಬೂದಿ ಕಲ್ಲಿನಂತೆ ಗಟ್ಟಿಯಾದುದು ಹೇಗೆ? ಹುಲ್ಲಿನಲ್ಲಿ ಮರಳಿನ ಅಂಶವಾದ ಸಿಲಿಕವುಂಟು. ದನದ ಹೊಟ್ಟೆಯಲ್ಲಿ ಅದು ಅರಗದೆ ಸಗಣಿಯಲ್ಲಿ ಉಳಿಯುತ್ತದೆ. ಕಾವು ಬಹಳ ಏರಿದರೆ, ಬೂದಿಯ ಕ್ಷಾರದ ನೆರವಿನಿಂದ ಈ ಸಿಲಿಕ ಕರಗಿ, ಆರಿದ ಮೇಲೆ ಗಾಜಿನಂತೆ ಹೆಪ್ಪುಗಟ್ಟುತ್ತದೆ. ಅಡಿಗೆಗೆ ನಾಲ್ಕು ಕುಳ್ಳು ಸಾಕು (ಮೈಸೂರಿನವರು ಇದನ್ನೇ ಬೆರಣಿಯೆನ್ನುವರು); ಇಲ್ಲಿ ಬೆಂದುದು ವರ್ಷಗಟ್ಟಲೆ ರಾಶಿಬಿದ್ದ ಸಗಣಿ.

೧೯೯೦ರ ದಶಕದಲ್ಲಿ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಬೂದಿಹಾಳದಲ್ಲಿ ನಡೆಸಿದ ಉತ್ಖನನದಲ್ಲಿ ದಿಬ್ಬದ ಮಗ್ಗುಲಲ್ಲಿಯೇ ಜನವಸತಿಯೂ, ದನಗಳನ್ನು ಕೊಯ್ದು ಮಾಂಸ ಹಸನುಮಾಡಿದ ನೆಲವೂ ಕಂಡುಬಂದವು. ಅಂದಮೇಲೆ ಬೆಂಕಿ ಹೊತ್ತಿದ್ದು ಕಾಡಿನಲ್ಲಲ್ಲ, ಮನೆಯ ಮಗ್ಗುಲಲ್ಲಿ.

ಉರುವಲೂ ಗೊಬ್ಬರವೂ ಆಗತಕ್ಕ ಸಗಣಿಯನ್ನು ಹೀಗೆ ಸುಟ್ಟುದೇಕೆ? ದೊಡ್ಡಿ ಚೊಕ್ಕಟವಾಗಲೆಂದು ಇರಬಹುದು. ಆಲ್ಚಿನ್ನರಿಗೆ ಇದು ಋತುಗಳ ಹಬ್ಬದ ಬೆಂಕಿಯೆಂದು ತೋರಿತು. ನಮ್ಮಲ್ಲಿ ಸಂಕ್ರಾಂತಿಯಂದು ದನಗಳನ್ನು ಕಿಚ್ಚು ಹಾಯಿಸುವುದನ್ನು ನೋಡಿದವರಿಗೆ ಈ ಮಾತು ವಿಚಿತ್ರವೆನಿಸದು. ಎರಡೂ ಕಾರಣಗಳು ಒಟ್ಟಿಗೆ ಇದ್ದಿರಲಾರವೆ? ಹಬ್ಬಕ್ಕೆ ಮೊದಲು ಮನೆ ಗುಡಿಸುವವರು ನಾವೂ ಅಲ್ಲವೆ?

ಬೂದಿ ಒಳ್ಳೆಯ ಗೊಬ್ಬರವೆಂದು ರೈತರು ಗಾಡಿಗಳಲ್ಲಿ ತುಂಬಿಸಿ ಹೊಲಗಳಿಗೆ ಸಾಗಿಸಿದ್ದರಿಂದ ಎಷ್ಟೋ ದಿಬ್ಬಗಳು ಕರಗಿವೆ. ರೈತನನ್ನು ದೂರಲು ನಮಗೆ ಮನಸ್ಸಿಲ್ಲ. ಆದರೆ ಗಾಡಿ ತುಂಬುವ ಮುನ್ನ, ಗೊರಸಿನ ಗುರುತನ್ನು ಗುರುತಿಸಬಲ್ಲ ಒಬ್ಬನಾದರೂ ಅಲ್ಲಿ ನಿಂತಿರಬೇಕಾಗಿತ್ತು.