ಬೆಂಕಿಯ ನುಕಸಾನಿಯೂ ನ್ಯಾಯವಾದ ಪರಿಹಾರವೂ

ಸುಗ್ಗಿಯ ಕಾಲದಲ್ಲಿ ಒಕ್ಕಲಿಗನ ವರ್ಷದ ದುಡಿಮೆಯೆಲ್ಲವೂ ಒಣಗಿದ ಸ್ಥಿತಿಯಲ್ಲಿ ಹೊಲದಲ್ಲಿಯೋ ಕಣದಲ್ಲಿಯೋ ಇರುವದು. ಧಾರವಾಡ ಜಿಲ್ಲೆಯ ಪಡುವಲಿಗೆ ಅಳ್ನಾವರ, ಕಲಘಟಗಿ ಸೀಮೆಗಳಲ್ಲಿ ಕಬ್ಬಿನ ಹೊಲಗಳು ಅಡವಿಯ ಅಂಚಿಗೆ ಹತ್ತಿಕೊಂಡಿವೆ. ಮೂಡಲಿಗೆ ನವಲಗುಂದ, ಅಣ್ಣಿಗೇರಿ, ಕುಂದಗೋಳ ಭಾಗದ ಎರೆಭೂಮಿಯಲ್ಲಿ ಜೋಳದ ಕಣಿಕೆ, ಕಡಲೆಯ ಹೊಟ್ಟು, ಶೇಂಗಾದ ಬಳ್ಳಿ ಇವುಗಳ ಬಣವಿಗಳು ಒಂದರ ಪಕ್ಕದಲ್ಲೊಂದು ನಿಲ್ಲುವವು. ಒಂದು ಕಿಡಿ ಬಿದ್ದರೆ ಅರ್ಧ ತಾಸಿನಲ್ಲಿ ಎಲ್ಲವೂ ಬೂದಿಯಾಗುವದು. ಆ ಬೂದಿಯನ್ನು ಕಂಡು ರೈತನು “ದೈವ ಒಲಿಯಲಿಲ್ಲ” ಎಂದು ತಲೆಯ ಮೇಲೆ ಕೈ ಹೊತ್ತು ಕೂಡುವದೂ, ಊರ ಹಿರಿಯರು ನಾಲ್ಕು ಚೀಲ ಕಾಳು ಕೂಡಿಸಿಕೊಟ್ಟು ಸಮಾಧಾನ ಹೇಳುವದೂ ರೂಢಿಯ ಮಾತಾಗಿದೆ. ಊರ ಉಪಕಾರವು ಶ್ಲಾಘ್ಯವಾದದ್ದೇ. ಆದರೆ ಬೆಂಕಿಗೆ ಕಾರಣರಾದವರು ಕೊಡತಕ್ಕ ಪರಿಹಾರವನ್ನೂ, ಹಪ್ತೆ ಕಟ್ಟಿಸಿಕೊಂಡ ವಿಮಾ ಕಂಪನಿಯು ಸಲ್ಲಿಸತಕ್ಕ ಹಣವನ್ನೂ ಕೇಳದೆ ಬಿಡುವದು ಉಪಕಾರದ ಮಾತಲ್ಲ; ಅದು ಕೇವಲ ಅರಿವಿಲ್ಲದ್ದರಿಂದ ಆಗುವ ಹಾನಿಯು. ಈ ವಿಷಯದಲ್ಲಿ ಗೌಡರೂ ಪಂಚಾಯತಿಯ ಪ್ರಮುಖರೂ ಭೂಮಾಲಿಕರೂ ತಿಳಿದಿರತಕ್ಕ ಸಂಗತಿಗಳನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಬೆಂಕಿಯ ಕಾರಣವನ್ನು ಗೊತ್ತುಮಾಡುವದು

ಪರಿಹಾರವನ್ನು ಯಾರಲ್ಲಿ ಕೇಳಬೇಕೆಂಬುದು ಬೆಂಕಿಯು ಹೇಗೆ ಹುಟ್ಟಿತೆಂಬುದರ ಮೇಲೆ ನಿಂತಿದೆ. ನಮ್ಮ ಕಡೆಯಲ್ಲಿ ಕಾರಣಗಳು ಸಾಮಾನ್ಯವಾಗಿ ನಾಲ್ಕು ಬಗೆಯವು: ಸಿಡಿಲು, ಜೋತುಬಿದ್ದ ವಿದ್ಯುತ್ ತಂತಿಗಳು ಗಾಳಿಗೆ ಒಂದಕ್ಕೊಂದು ತಾಗಿ ಉದುರಿಸಿದ ಕಿಡಿ, ನೆರೆಹೊಲದವರು ರವದಿಯನ್ನೋ ಬದುವಿನ ಕಸವನ್ನೋ ಸುಡುವಾಗ ಕೈಮೀರಿದ ಉರಿ, ಅಡವಿಯಿಂದ ಇಳಿದುಬಂದ ಕಾಡುಗಿಚ್ಚು. ಹಗೆಯಿಂದ ಇಟ್ಟ ಬೆಂಕಿಯು ಐದನೆಯದು.

ಮೊದಲನೆಯದು ದೈವಾಧೀನ. ಉಳಿದವುಗಳಲ್ಲಿ ಒಬ್ಬ ಹೊಣೆಗಾರನು ಇರಬಹುದು. ಆದುದರಿಂದ ಪಂಚನಾಮೆಯಲ್ಲಿ “ಆಕಸ್ಮಿಕ ಬೆಂಕಿ” ಎಂದು ಎರಡೇ ಶಬ್ದ ಬರೆಯಿಸಿ ರುಜು ಮಾಡುವದು ದೊಡ್ಡ ತಪ್ಪು. ಉರಿಯು ಎಲ್ಲಿ ಮೊದಲು ಕಾಣಿಸಿತು, ಗಾಳಿಯು ಯಾವ ದಿಕ್ಕಿನಿಂದ ಬೀಸುತ್ತಿತ್ತು, ಮೊದಲು ಕಂಡವರು ಯಾರು, ಎಷ್ಟು ಗಂಟೆಗೆ, ಮೇಲೆ ತಂತಿಯು ಹಾದಿದೆಯೋ ಇಲ್ಲವೋ ಎಂಬುದನ್ನೆಲ್ಲ ಬರೆಯಿಸತಕ್ಕದ್ದು. ಗೊತ್ತಿಲ್ಲದ್ದನ್ನು ಊಹಿಸಿ ಬರೆಯಿಸಕೂಡದು. ಗೊತ್ತಿದ್ದದ್ದನ್ನು ದಾಕ್ಷಿಣ್ಯಕ್ಕೆ ಬಿಡಕೂಡದು.

ಮೊದಲ ಮೂರು ದಿನಗಳು

ಬೆಂಕಿಯನ್ನು ಆರಿಸಿದ ಮೇಲಿನ ಎಪ್ಪತ್ತೆರಡು ತಾಸುಗಳು ಮುಂದಿನ ಎರಡು ಮೂರು ವರ್ಷಗಳ ವ್ಯಾಜ್ಯಕ್ಕಿಂತ ಹೆಚ್ಚಿನವು. ಅಗ್ನಿಶಾಮಕ ದಳಕ್ಕೆ ಕರೆ ಹೋದ ಹೊತ್ತನ್ನು ಬರೆದಿಡಬೇಕು. ಮುಂದೆ ಅವರಿಂದ ಬೆಂಕಿಯ ವರದಿಯ ನಕಲನ್ನು ಪಡೆಯಬೇಕು. ಪೊಲೀಸ್ ಠಾಣೆಯಲ್ಲಿ ಲಿಖಿತ ಫಿರ್ಯಾದಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಗ್ರಾಮ ಆಡಳಿತ ಅಧಿಕಾರಿಯಿಂದ, ಅಂದರೆ ಜನರು ಇಂದಿಗೂ ತಲಾಠಿ ಎಂದು ಕರೆಯುವವರಿಂದ, ಪಂಚರ ಸಮಕ್ಷಮ ಪಂಚನಾಮೆ ಮಾಡಿಸಬೇಕು. ಸುಟ್ಟ ಹೊಲದ ನಾಲ್ಕೂ ಮಗ್ಗಲುಗಳ ಛಾಯಾಚಿತ್ರವನ್ನು ದಿನಾಂಕವೂ ಸ್ಥಳವೂ ಮೂಡುವಂತೆ ತೆಗೆಯಬೇಕು. ಉತಾರದಲ್ಲಿ ಆ ಹಂಗಾಮಿನ ಬೆಳೆಯು ಸರಿಯಾಗಿ ದಾಖಲಾಗಿದೆಯೋ ನೋಡಬೇಕು. ಉತಾರದಲ್ಲಿ ಗೋವಿನಜೋಳವೆಂದಿದ್ದು ಹೊಲದಲ್ಲಿ ಕಬ್ಬು ಸುಟ್ಟಿದ್ದರೆ, ಅದೊಂದೇ ವ್ಯತ್ಯಾಸವು ಅರ್ಜಿಯನ್ನು ತಳ್ಳಿಹಾಕಲು ಸಾಕಾಗುವದು.

ತಂತಿಯಿಂದ ಬೆಂಕಿ ಬಿದ್ದಿದ್ದರೆ ಕಂಬದ ಸಂಖ್ಯೆ, ಟಿಸಿಯ ಸಂಖ್ಯೆ ಬರೆದುಕೊಳ್ಳಬೇಕು. ಕಿಡಿ ಹಾರಿದ ತಂತಿಯಲ್ಲಿ ಲೋಹವು ಕರಗಿ ಮಣಿಗಟ್ಟಿದ ಗುರುತು ಉಳಿಯುವದುಂಟು. ಲೈನಮನ್ನರು ಬಂದು ಹೊಸ ತಂತಿ ಎಳೆಯುವದಕ್ಕೆ ಮುಂಚೆ ಅದರ ಚಿತ್ರ ತೆಗೆಯುವದು ಅವಶ್ಯ. ಉಪಕೇಂದ್ರದಲ್ಲಿ ಆ ಮಾರ್ಗವು ಎಷ್ಟು ಹೊತ್ತಿಗೆ ಕಡಿತವಾಯಿತೆಂಬ ದಾಖಲೆ ಇರುವದು. ಬೆಂಕಿಯ ಹೊತ್ತಿಗೂ ಅದಕ್ಕೂ ತಾಳೆ ಬಿದ್ದರೆ ಅದು ಬಲವಾದ ಸಾಕ್ಷ್ಯ. 2005ರ ಮಾಹಿತಿ ಹಕ್ಕು ಕಾಯಿದೆಯ ಪ್ರಕಾರ ಅರ್ಜಿ ಹಾಕಿದರೆ ಮೂವತ್ತು ದಿನಗಳೊಳಗೆ ಇಂಥ ದಾಖಲೆಯ ವಿಷಯದಲ್ಲಿ ಉತ್ತರ ಕೊಡತಕ್ಕದ್ದು. ರಾಜ್ಯ ಸರಕಾರದ ವಿದ್ಯುತ್ ಪರಿವೀಕ್ಷಕರಿಗೂ ಲಿಖಿತವಾಗಿ ತಿಳಿಸಿ, ಸ್ಥಳಪರೀಕ್ಷೆ ಮಾಡಬೇಕೆಂದು ಕೇಳಿಕೊಳ್ಳಬೇಕು.

ಸುಟ್ಟ ಕಬ್ಬನ್ನು ಸಾಕ್ಷಿಗೆಂದು ಹೊಲದಲ್ಲಿಯೇ ನಿಲ್ಲಿಸುವದು ತರವಲ್ಲ. ಉರಿ ತಗುಲಿದ ಕಬ್ಬು ದಿನೇ ದಿನೇ ತೂಕವನ್ನೂ ಸಕ್ಕರೆಯ ಅಂಶವನ್ನೂ ಕಳೆದುಕೊಳ್ಳುವದು. ಪಂಚನಾಮೆ, ಚಿತ್ರಗಳು ಮುಗಿದ ಕೂಡಲೆ ಕಾರಖಾನೆಗೆ ಸಾಗಿಸಿ ತೂಕದ ಚೀಟಿ ಇಟ್ಟುಕೊಳ್ಳಬೇಕು. ತಡೆಯಬಹುದಾದ ಹಾನಿಯನ್ನು ತಡೆಯದೆ ಬಿಟ್ಟವನಿಗೆ ಆ ಪಾಲಿನ ಪರಿಹಾರ ಸಿಗಲಾರದು.

ಬೆಳೆ ವಿಮೆಯು ಎಷ್ಟರ ಮಟ್ಟಿಗೆ ಆಸರೆ

ಬೆಳೆಗೆ ವಿಮೆ ಇರಬೇಕೆಂಬ ವಿಚಾರವು ಕನ್ನಡನಾಡಿಗೆ ಹೊಸದಲ್ಲ. ಮೈಸೂರು ಸಂಸ್ಥಾನದ ಜೆ. ಎಸ್. ಚಕ್ರವರ್ತಿಯವರು 1920ರಲ್ಲಿಯೇ ಮಳೆಯ ಕೊರತೆಯನ್ನು ಆಧಾರವಾಗಿಟ್ಟ ಒಂದು ಕೃಷಿ ವಿಮೆಯ ಯೋಜನೆಯನ್ನು ಪುಸ್ತಕರೂಪದಲ್ಲಿ ಮಂಡಿಸಿದ್ದರು. ದೇಶದಲ್ಲಿ 1985ರಲ್ಲಿ ಸಮಗ್ರ ಬೆಳೆ ವಿಮೆಯೂ, 1999ರಲ್ಲಿ ರಾಷ್ಟ್ರೀಯ ಕೃಷಿ ವಿಮೆಯೂ, 2016ರಲ್ಲಿ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯೂ ಬಂದವು. ಈ ಕೊನೆಯ ಯೋಜನೆಯಲ್ಲಿ ರೈತನು ಮುಂಗಾರಿಗೆ ವಿಮಾ ಮೊತ್ತದ ಶೇಕಡಾ 2, ಹಿಂಗಾರಿಗೆ ಶೇಕಡಾ 1.5, ವಾಣಿಜ್ಯ ಮತ್ತು ತೋಟಗಾರಿಕೆಯ ಬೆಳೆಗಳಿಗೆ ಶೇಕಡಾ 5ಕ್ಕೆ ಮೀರದ ಹಪ್ತೆ ಕಟ್ಟುವನು.

ಬೆಂಕಿಯ ಅರ್ಜಿಗಳು ತಿರಸ್ಕೃತವಾಗುವದಕ್ಕೆ ಮುಖ್ಯ ಕಾರಣವನ್ನು ಇಲ್ಲಿಯೇ ತಿಳಿಯಬೇಕು. ಈ ಯೋಜನೆಯು ಮೂಲತಃ ಕ್ಷೇತ್ರಾಧಾರಿತವಾದದ್ದು. ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯತಿಯೇ ಘಟಕ. ಇಡೀ ಘಟಕದ ಸರಾಸರಿ ಇಳುವರಿ ಬಿದ್ದರೆ ಪರಿಹಾರ; ಒಬ್ಬನ ಮೂರು ಎಕರೆ ಸುಟ್ಟರೆ ಸರಾಸರಿಯು ಬೀಳದು. ಒಬ್ಬೊಬ್ಬರ ಹೊಲವನ್ನು ನೋಡಿ ಕೊಡುವ ಸ್ಥಳೀಯ ವಿಪತ್ತಿನ ಪಟ್ಟಿಯಲ್ಲಿ ಆಲಿಕಲ್ಲು, ಭೂಕುಸಿತ, ಜಲಾವೃತ, ಮೇಘಸ್ಫೋಟ ಇವುಗಳ ಜೊತೆಗೆ ಬೆಂಕಿಯೂ ಇದೆ. ಆದರೆ ಅದು ಸಿಡಿಲಿನಿಂದಾದ ನೈಸರ್ಗಿಕ ಬೆಂಕಿ. ದುರುದ್ದೇಶದ ಹಾನಿಯೂ ತಡೆಯಬಹುದಾದ ಅಪಾಯವೂ ವಿಮೆಗೆ ಹೊರಗು. ಕೊಯ್ದು ಹೊಲದಲ್ಲಿ ಹರವಿದ ಬೆಳೆಗೆ ಹದಿನಾಲ್ಕು ದಿನಗಳ ರಕ್ಷಣೆ ಇದ್ದರೂ ಅದು ಆಲಿಕಲ್ಲು, ಚಂಡಮಾರುತ, ಅಕಾಲಿಕ ಮಳೆಗಳಿಗೆ ಸಂಬಂಧಿಸಿದ್ದು. ಬಣವಿಗೆ ಬಿದ್ದ ಬೆಂಕಿಗಲ್ಲ. ಸಿಡಿಲಿನ ಬೆಂಕಿಯಾಗಿದ್ದರೆ ಎಪ್ಪತ್ತೆರಡು ತಾಸುಗಳೊಳಗೆ ವಿಮಾ ಕಂಪನಿಗೆ, ಬ್ಯಾಂಕಿಗೆ ಇಲ್ಲವೆ ಕೃಷಿ ಇಲಾಖೆಗೆ ತಿಳಿಸಬೇಕು. ಆ ಪ್ರಕರಣದಲ್ಲಿ ಅನ್ಯಾಯವಾದರೆ ಜಿಲ್ಲಾ ಮಟ್ಟದ ಕುಂದುಕೊರತೆ ನಿವಾರಣಾ ಸಮಿತಿಗೆ ಮೊರೆಯಿಡಬಹುದು.

ತಂತಿಯ ಬೆಂಕಿಗೆ ಬೆಳೆ ವಿಮೆಯ ಕಚೇರಿಯಲ್ಲಿ ತಿಂಗಳುಗಟ್ಟಲೆ ಕಾಯುವ ರೈತನು ನಿಜವಾಗಿ ಬೇರೆ ಬಾಗಿಲಿನಲ್ಲಿ ನಿಲ್ಲಬೇಕಾದವನು.

ವಿಮೆಯವರು ನಿರಾಕರಿಸಿದಲ್ಲಿ

ಮನೆ, ಕೊಟ್ಟಿಗೆ, ಪಂಪು, ಟ್ರ್ಯಾಕ್ಟರು, ಗೋದಾಮಿನ ಮಾಲು ಇವುಗಳಿಗೆ ಬೇರೆ ಅಗ್ನಿ ವಿಮೆ ಮಾಡಿಸಿದವರು ನಮ್ಮಲ್ಲಿದ್ದಾರೆ. ಕಂಪನಿಯು ನಿರಾಕರಿಸಿದರೆ ಕಾರಣವನ್ನು ಬರೆಹದಲ್ಲಿಯೇ ಕೇಳಬೇಕು. ಸರ್ವೇಯರನ ವರದಿಯ ನಕಲನ್ನೂ ಕೇಳಬೇಕು. ಕಡಮೆ ಹಣವನ್ನು ಕೊಟ್ಟು “ಪೂರ್ಣ ಹಾಗೂ ಅಂತಿಮ” ಎಂಬ ಪಾವತಿಗೆ ಸಹಿ ಕೇಳಿದರೆ, ಒಪ್ಪಿಗೆ ಇಲ್ಲದವರು “ಆಕ್ಷೇಪಣೆಯೊಡನೆ ಸ್ವೀಕರಿಸಿದ್ದೇನೆ” ಎಂದು ಬರೆದು ಸಹಿ ಮಾಡಬೇಕು. ಬರಿಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಲೇಕೂಡದು.

ಆ ಮೇಲೆ ಎರಡು ದಾರಿಗಳಿವೆ. ಒಂದು, ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರು, ಅಂದರೆ ಓಂಬುಡ್ಸಮನ್ನರು. ಮೊದಲು ಕಂಪನಿಗೆ ಬರೆದು, ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರವು ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಅವರಿಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ಇನ್ನೊಂದು, 2019ರ ಗ್ರಾಹಕರ ಸಂರಕ್ಷಣಾ ಕಾಯಿದೆಯಂತೆ ಜಿಲ್ಲಾ ಗ್ರಾಹಕರ ಆಯೋಗ. ಇಲ್ಲಿ ಎರಡು ವರ್ಷಗಳ ಅವಧಿ ಇದೆ. ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಕಂಪನಿಯ ಮುಖ್ಯ ಕಚೇರಿ ಮುಂಬಯಿಯಲ್ಲಿದ್ದರೂ ಚಿಂತೆಯಿಲ್ಲ. ಕೊಟ್ಟ ಬೆಲೆ, ಅಂದರೆ ಇಲ್ಲಿ ಹಪ್ತೆಯ ಹಣ, ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಒಂದೇ ವಿಷಯವನ್ನು ಏಕಕಾಲಕ್ಕೆ ಎರಡೂ ಕಡೆಗೆ ಒಯ್ಯಲಾಗದು.

ನಮ್ಮ ರಾಜ್ಯದ ರೈತರು ಗೆದ್ದ ಒಂದು ಪ್ರಕರಣವನ್ನು ಮೆಣಸಿನಕಾಯಿ ಬೆಳೆಯುವವರೆಲ್ಲ ತಿಳಿದಿರಬೇಕು. ಹಲವು ರೈತರು ತಮ್ಮ ಮಾಲನ್ನು ಒಂದು ಶೀತಲಗೃಹದಲ್ಲಿಟ್ಟು ಅದರ ಭದ್ರತೆಯ ಮೇಲೆ ಕೆನರಾ ಬ್ಯಾಂಕಿನಿಂದ ಸಾಲ ಪಡೆದಿದ್ದರು. 2014ರ ಜನವರಿ 13–14ರ ರಾತ್ರಿ ಶೀತಲಗೃಹವು ಮಾಲಿನ ಸಮೇತ ಸುಟ್ಟಿತು. ಬೆಂಕಿಯು ಆಕಸ್ಮಿಕವಲ್ಲವೆಂದು ಯುನೈಟೆಡ್ ಇಂಡಿಯಾ ವಿಮಾ ಕಂಪನಿಯು ಶೀತಲಗೃಹದ ಕೇಳಿಕೆಯನ್ನು ನಿರಾಕರಿಸಿತು. ಪಾಲಿಸಿಯು ಶೀತಲಗೃಹದ ಹೆಸರಿನಲ್ಲಿದೆ, ರೈತರಿಗೆ ಕೇಳುವ ಅಧಿಕಾರವೇ ಇಲ್ಲವೆಂದು ರೈತರಿಗೆ ಹೇಳಿತು. ರೈತರು ಗ್ರಾಹಕರ ಆಯೋಗದ ಮೆಟ್ಟಿಲೇರಿದರು. ಕೊನೆಗೆ 2020ರ ಫೆಬ್ರವರಿ 6ರಂದು ಸರ್ವೋಚ್ಚ ನ್ಯಾಯಾಲಯವು, ವಿಮೆಯ ಲಾಭ ಸೇರತಕ್ಕವರಾದ ರೈತರೂ ಕಾಯಿದೆಯ ಅರ್ಥದಲ್ಲಿ ಗ್ರಾಹಕರೇ ಎಂದು ತೀರ್ಮಾನಿಸಿತು. ಮಾಲನ್ನು ಗೋದಾಮಿನಲ್ಲಿಡುವವರು ಪಾವತಿ, ತೂಕದ ಚೀಟಿ, ಬ್ಯಾಂಕಿನ ಕರಾರು ಇವುಗಳ ನಕಲನ್ನು ಮನೆಯಲ್ಲಿಟ್ಟಿರಬೇಕೆಂಬುದು ಇದರಿಂದ ಕಲಿಯತಕ್ಕ ಪಾಠ.

ತಂತಿಯ ಹೊಣೆ

ನಮ್ಮ ಜಿಲ್ಲೆಯೂ ಸೇರಿ ಏಳು ಜಿಲ್ಲೆಗಳಿಗೆ ವಿದ್ಯುತ್ ಹಂಚುವದು ಹೆಸ್ಕಾಂ. ಅಪಾಯಕರವಾದ ವಸ್ತುವನ್ನು ಹಂಚುವವನು ಅದರಿಂದಾದ ಹಾನಿಗೆ, ತನ್ನ ಅಲಕ್ಷ್ಯವು ಸಿದ್ಧವಾಗದಿದ್ದರೂ ಹೊಣೆ ಎಂಬ ತತ್ವವನ್ನು ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ಮಧ್ಯಪ್ರದೇಶ ವಿದ್ಯುತ್ ಮಂಡಳಿಯ ಪ್ರಕರಣದಲ್ಲಿ ಎತ್ತಿಹಿಡಿಯಿತು. ರಾತ್ರಿ ರಸ್ತೆಯ ಮೇಲೆ ಬಿದ್ದಿದ್ದ ತಂತಿ ತಾಗಿ ಸೈಕಲ್ ಸವಾರನೊಬ್ಬನು ಸತ್ತಿದ್ದನು; ಯಾರೋ ಕದ್ದು ಕೊಂಡಿ ಹಾಕಿದ್ದರೆಂಬ ಮಂಡಳಿಯ ಸಮಜಾಯಿಷಿ ನಿಲ್ಲಲಿಲ್ಲ. ಅದು ಪ್ರಾಣಹಾನಿಯ ಪ್ರಕರಣವಾದರೂ ಬೆಳೆಯ ಹಾನಿಯಲ್ಲಿಯೂ ಈ ತತ್ವವನ್ನು ಮುಂದಿಟ್ಟು ವಾದಿಸಬಹುದು. ಹೊರದೇಶದ ಉದಾಹರಣೆಯೂ ಉಂಟು. ಕ್ಯಾಲಿಫೋರ್ನಿಯಾದಲ್ಲಿ 2018ರ ನವೆಂಬರಿನಲ್ಲಿ ಪ್ಯಾರಡೈಸ್ ಪಟ್ಟಣವನ್ನು ಸುಟ್ಟು 85 ಜನರನ್ನು ಕೊಂದ ಕಾಡುಗಿಚ್ಚಿಗೆ ವಿದ್ಯುತ್ ಗೋಪುರದ ಒಂದು ಸವೆದ ಕೊಕ್ಕೆಯು ಕಾರಣವಾಗಿತ್ತು. ಅಲ್ಲಿಯ ವಿದ್ಯುತ್ ಕಂಪನಿಯು ದಿವಾಳಿ ಅರ್ಜಿ ಹಾಕಬೇಕಾಯಿತು. 2020ರಲ್ಲಿ ನ್ಯಾಯಾಲಯದಲ್ಲಿ ಅಪರಾಧವನ್ನೂ ಒಪ್ಪಿಕೊಂಡಿತು.

ಹೆಸ್ಕಾಂ ಕಚೇರಿಗೆ ಅರ್ಜಿ ಕೊಟ್ಟು ಫಲವಾಗದಿದ್ದರೆ, ನ್ಯಾಯಾಲಯಕ್ಕೆ ಹೋಗುವ ಮುಂಚೆ ಖಾಯಂ ಲೋಕ ಅದಾಲತ್ತಿಗೆ ಅರ್ಜಿ ಹಾಕಬಹುದು. ವಿದ್ಯುತ್ ಪೂರೈಕೆಯೂ ವಿಮೆಯೂ ಅದರ ಅಧಿಕಾರಕ್ಕೆ ಒಳಪಟ್ಟ ಸೇವೆಗಳು. ಖರ್ಚು ಅತ್ಯಲ್ಪ; ರಾಜಿಯಾಗದಿದ್ದರೆ ಅದು ತಾನೇ ತೀರ್ಮಾನ ಕೊಡಬಲ್ಲದು. ಧಾರವಾಡದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಇದರ ಮಾಹಿತಿಯೂ, ಅರ್ಹರಿಗೆ ಉಚಿತ ವಕೀಲರ ನೆರವೂ ದೊರೆಯುವವು. ದಿವಾಣಿ ದಾವೆ ಹೂಡುವವರು, ಮೂರು ವರ್ಷಗಳ ಅವಕಾಶವಿದೆಯೆಂದು ನಂಬಿ ಕೂಡದೆ, ಒಂದು ವರ್ಷದೊಳಗೆ ಹೂಡುವದು ಕ್ಷೇಮಕರ. ಕಾಯಿದೆಯಂತೆ ಮಾಡಿದ ಕೃತ್ಯದಿಂದಾದ ಹಾನಿಗೆ 1963ರ ಕಾಲಮಿತಿ ಕಾಯಿದೆಯಲ್ಲಿ ಒಂದೇ ವರ್ಷವೆಂಬ ವಿಧಿಯುಂಟು, ಎದುರುಪಕ್ಷದವರು ಅದನ್ನು ಮುಂದೊಡ್ಡಬಹುದು.

ಬೆಂಕಿಯು ಸರಕಾರದ ವಿಪತ್ತು ಪರಿಹಾರ ನಿಧಿಯ ಪಟ್ಟಿಯಲ್ಲಿಯೂ ಸೇರಿದೆ. 2022–23ರಿಂದ 2025–26ರ ಅವಧಿಗೆ ಗೊತ್ತುಪಡಿಸಿದ ದರದಂತೆ ಸತ್ತ ಹಸು ಅಥವಾ ಎಮ್ಮೆಗೆ 37,500 ರೂಪಾಯಿ, ಎತ್ತಿಗೆ 32,000 ರೂಪಾಯಿ ಇದ್ದಿತು. ಪ್ರಚಲಿತ ದರವನ್ನು ತಹಶೀಲ್ದಾರರ ಕಚೇರಿಯಲ್ಲಿ ವಿಚಾರಿಸಿ ಅರ್ಜಿ ಕೊಡಬೇಕು. ಇದು ಆಸರೆಯ ಹಣ; ಹೊಣೆಗಾರನ ಋಣ ತೀರಿತೆಂದು ಇದರ ಅರ್ಥವಲ್ಲ.

ನುಕಸಾನಿಯ ಲೆಕ್ಕ

ಲೆಕ್ಕವು ಸರಳವೂ ಸತ್ಯವೂ ಆಗಿರಬೇಕು. ಮಾದರಿಗಾಗಿ, ಎರಡು ಎಕರೆಯಲ್ಲಿ 70 ಟನ್ ಕಬ್ಬು, ಟನ್ನಿಗೆ 3,000 ರೂಪಾಯಿ ಎಂದು ಹಿಡಿದರೆ 2,10,000 ರೂಪಾಯಿ. ಸುಟ್ಟ ಕಬ್ಬು 50 ಟನ್ ತೂಗಿ, 2,200ರ ದರದಲ್ಲಿ 1,10,000 ಬಂದಿದ್ದರೆ ನುಕಸಾನಿ 1,00,000. ಹನಿನೀರಾವರಿಯ ಕೊಳವೆ ಸುಟ್ಟಿದ್ದರೆ ಅದರ ಖರೀದಿ ಪಾವತಿಯಿಂದ ಬಳಸಿದ ವರ್ಷಗಳ ಸವಕಳಿಯನ್ನು ಕಳೆದು ಸೇರಿಸಬೇಕು. ಕುಳೆ ಬೆಳೆಗೆ ಧಕ್ಕೆಯಾಗಿದ್ದರೆ ಕೃಷಿ ಅಧಿಕಾರಿಯ ವರದಿಯನ್ನು ಲಗತ್ತಿಸಬೇಕು. ಹಿಂದಿನ ಎರಡು ಮೂರು ವರ್ಷಗಳ ಕಾರಖಾನೆಯ ಬಿಲ್ಲುಗಳು ಇಳುವರಿಗೆ ಸಾಕ್ಷಿ. ಹತ್ತು ಗಾಡಿಯ ಬಣವಿಯನ್ನು ನಲವತ್ತು ಗಾಡಿಯೆಂದು ಬರೆಯಿಸಿದರೆ, ಸುಳ್ಳು ಬಯಲಾದ ದಿನ ನಿಜವಾದ ಹತ್ತೂ ಹೋಗುವದು.

ಊರ ಪ್ರಮುಖರ ಕರ್ತವ್ಯ

ನೆರೆಹೊಲದವನ ಅಲಕ್ಷ್ಯದಿಂದ ಬೆಂಕಿ ಹತ್ತಿದಾಗ ಪಂಚರ ಮೇಲೆ ಒತ್ತಾಯ ಬರುವದು ಸಹಜ. ಸುಟ್ಟವನು ಬಡವ, ಸುಡಿಸಿದವನು ಊರಿಗೆ ಬೇಕಾದವನು ಎಂಬ ಸಂದರ್ಭದಲ್ಲಿಯೇ ಹಿರಿಯರ ಹಿರಿತನವು ಪರೀಕ್ಷೆಗೆ ನಿಲ್ಲುವದು. ರಾಜಿ ಮಾಡಿಸುವದು ಒಳ್ಳೆಯದು; ಆದರೆ ರಾಜಿಯ ಮೊತ್ತ, ಕೊಡುವ ದಿನ, ಸಾಕ್ಷಿದಾರರ ಸಹಿ ಇವೆಲ್ಲ ಕಾಗದದಲ್ಲಿರಬೇಕು. ಸಂತ್ರಸ್ತನ ಬಾಯಿ ಮುಚ್ಚಿಸುವದಕ್ಕೆ ರಾಜಿಯೆಂದು ಹೆಸರಿಡಬಾರದು. ಅದೇ ರೀತಿ, ತಂತಿ ಜೋತುಬಿದ್ದಿರುವ ಹೊಲಗಳ ಪಟ್ಟಿಯನ್ನು ಪ್ರತಿ ವರ್ಷ ಸುಗ್ಗಿಗೆ ಮುಂಚೆ ಪಂಚಾಯತಿಯಿಂದ ಹೆಸ್ಕಾಂ ಶಾಖಾ ಕಚೇರಿಗೆ ಬರೆದು ಕಳಿಸಿ ಸ್ವೀಕೃತಿ ಪಡೆದರೆ, ಅನೇಕ ಕಡೆ ಬೆಂಕಿಯೇ ತಪ್ಪುವದು. ತಪ್ಪದಿದ್ದಲ್ಲಿ, ಮೊದಲೇ ತಿಳಿಸಿದ್ದರೂ ಸರಿಪಡಿಸಲಿಲ್ಲವೆಂಬುದಕ್ಕೆ ಆ ಕಾಗದವೇ ಆಧಾರವಾಗುವದು. ಬಣವಿಗಳನ್ನು ತಂತಿಯ ಕೆಳಗೆ ಒಟ್ಟದಂತೆಯೂ, ಅಡವಿಯಂಚಿನ ಹೊಲಗಳ ಸುತ್ತ ಕಸ ಕೆತ್ತಿ ಬೆಂಕಿರೇಖೆ ಬಿಡುವಂತೆಯೂ, ರವದಿಯನ್ನು ಸುಡದೆ ಹೊಲಕ್ಕೆ ಹೊದಿಸುವಂತೆಯೂ ಜನರಿಗೆ ತಿಳಿಸಿ ಹೇಳಬೇಕು.

ಮೇಲೆ ಹೇಳಿದ ಕಾಗದಪತ್ರಗಳ ಪಟ್ಟಿಯನ್ನೂ ಅವಧಿಗಳನ್ನೂ ಒಂದು ಹಲಗೆಯ ಮೇಲೆ ಬರೆಯಿಸಿ ಪಂಚಾಯತಿಯ ಚಾವಡಿಯಲ್ಲಿ ತೂಗಹಾಕಿದರೆ ಓದುಬರಹವಿಲ್ಲದವರಿಗೂ ಇನ್ನೊಬ್ಬರು ಓದಿ ಹೇಳುವದಕ್ಕೆ ಅನುಕೂಲವಾಗುವದು. ಈ ಸುಗ್ಗಿಗೆ ಮುಂಚೆಯೇ ಪ್ರತಿಯೊಂದು ಊರಿನಲ್ಲಿ ಇದು ನಡೆಯಲೆಂದು ವಿನಂತಿ.